ಪದವಿಯ ಆಯ್ಕೆ ಮತ್ತು ಲೋಕದ ಮಾತು: ಒಂದು ಜಾನಪದೀಯ ವಿವೇಚನೆ

1. ಪ್ರವೇಶ

ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶಗಳು ಪ್ರಕಟವಾಗುವ ಬೇಸಿಗೆಯ ದಿನಗಳಲ್ಲಿ ಕರ್ನಾಟಕದ ಮನೆಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: 'ಮಗನಿಗೆ ಮುಂದೆ ಏನು ಮಾಡಿಸ್ತೀರಿ?' ಈ ಪ್ರಶ್ನೆಯ ಕ್ರಿಯಾಪದವನ್ನು ಗಮನಿಸಬೇಕು. ಓದಬೇಕಾದವನು ಮಗ; ಪ್ರಶ್ನೆ ತಂದೆತಾಯಿಗೆ. 'ಮಾಡು' ಎಂಬ ಧಾತುವಿಗೆ 'ಇಸು' ಪ್ರತ್ಯಯ ಸೇರಿ ಪ್ರೇರಣಾರ್ಥಕವಾಗಿದೆ. ಉತ್ತರವೂ ಅದೇ ರೂಪದಲ್ಲಿಯೇ ಬರುತ್ತದೆ: 'ಇಂಜಿನಿಯರಿಂಗ್ ಮಾಡಿಸೋಣ ಅಂತಿದೀವಿ', 'ಕಾಮರ್ಸ್ ಕೊಡಿಸಿದೀವಿ', 'ನರ್ಸಿಂಗಿಗೆ ಸೇರಿಸಿದೀವಿ'. ಪದವಿಯ ಆಯ್ಕೆಯನ್ನು ಕುರಿತ ಕನ್ನಡದ ನಿತ್ಯದ ಮಾತಿನಲ್ಲಿ ವಿದ್ಯಾರ್ಥಿಯು ಕರ್ತೃವಾಗಿ ಕಾಣಿಸಿಕೊಳ್ಳುವುದು ಅಪರೂಪ.

ವಿದ್ಯಾರ್ಥಿಗಳು ಯಾವ ಪದವಿಯನ್ನು ಏಕೆ ಆರಿಸಿಕೊಳ್ಳುತ್ತಾರೆ ಎಂಬ ವಿಷಯವನ್ನು ಶಿಕ್ಷಣಶಾಸ್ತ್ರ ಮತ್ತು ಮನಶ್ಶಾಸ್ತ್ರಗಳು ಅಭಿರುಚಿ, ಸಾಮರ್ಥ್ಯಗಳ ಪ್ರಶ್ನೆಯಾಗಿಯೂ, ಅರ್ಥಶಾಸ್ತ್ರವು ಖರ್ಚು ಮತ್ತು ಪ್ರತಿಫಲಗಳ ಪ್ರಶ್ನೆಯಾಗಿಯೂ ವಿವೇಚಿಸುತ್ತ ಬಂದಿವೆ. ಈ ಎರಡು ನೆಲೆಗಳಲ್ಲಿಯೂ ತೀರ್ಮಾನ ಕೈಗೊಳ್ಳುವ ಒಬ್ಬ ವ್ಯಕ್ತಿಯನ್ನು ಮೊದಲೇ ಕಲ್ಪಿಸಿಕೊಳ್ಳಲಾಗಿರುತ್ತದೆ. ಆದರೆ ಆ ವ್ಯಕ್ತಿ ಬಾಯಿ ತೆರೆಯುವ ಮುನ್ನವೇ ಆತನ ಸುತ್ತ ಹರಡಿಕೊಂಡಿರುವ ಮಾತು ಎಂತಹುದು, ಅದು ಹೇಗೆ ಹುಟ್ಟಿ ಹೇಗೆ ಹರಿದುಬರುತ್ತದೆ ಎಂಬುದು ಬಹುಮಟ್ಟಿಗೆ ಅಲಕ್ಷಿತ ಸಂಗತಿಯಾಗಿಯೇ ಉಳಿದಿದೆ.

ಸಮಾನವಾದ ಯಾವುದಾದರೊಂದು ಅಂಶವನ್ನು ಹಂಚಿಕೊಂಡಿರುವ ಯಾವುದೇ ಗುಂಪನ್ನೂ 'ಜನಪದ' ಎಂದು ಕರೆಯಬಹುದೆಂದು ಅಮೆರಿಕದ ಜಾನಪದ ವಿದ್ವಾಂಸ ಅಲನ್ ಡಂಡಸ್ 1965ರಲ್ಲಿ ವಾದಿಸಿದರು. ಈ ವ್ಯಾಖ್ಯೆಯನ್ನು ಒಪ್ಪುವುದಾದರೆ ಕಾಲೇಜಿಗೆ ಹೋಗುವ ಮಕ್ಕಳ ತಂದೆತಾಯಿಯರೂ ಒಂದು ಜನಪದವೇ. ಅವರಲ್ಲಿ ಪ್ರಚಲಿತವಿರುವ ನಂಬಿಕೆ, ಗಾದೆ, ನಗೆಮಾತು, ಎಚ್ಚರಿಕೆಯ ಕಥೆಗಳು ಮೌಖಿಕ ಪರಂಪರೆಯ ಎಲ್ಲ ಲಕ್ಷಣಗಳನ್ನೂ ಹೊಂದಿವೆ. ಪದವಿಗಳ ನಡುವೆ ಸಮಾಜವು ಕಲ್ಪಿಸಿರುವ ಮೇಲು ಕೀಳಿನ ಶ್ರೇಣಿ ಇಂತಹ ಮೌಖಿಕ ಪರಂಪರೆಯಾಗಿಯೇ ಬದುಕಿದೆ ಎಂಬುದನ್ನೂ, ಆ ಪರಂಪರೆಯ ಭಾರ ಯಾರ ಮೇಲೆ ಹೆಚ್ಚಾಗಿ ಬೀಳುತ್ತದೆ ಎಂಬುದನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2. ಗಾದೆಗಳ ಸಾಕ್ಷ್ಯ

ಓದನ್ನು ಕುರಿತ ಕನ್ನಡ ಗಾದೆಗಳು ಒಂದೇ ದನಿಯಲ್ಲಿ ಮಾತನಾಡುವುದಿಲ್ಲ. 'ವಿದ್ಯೆ ಇಲ್ಲದವನು ಹದ್ದಿಗಿಂತ ಕಡೆ' ಎಂಬ ಗಾದೆ ಅಕ್ಷರದ ಮಹತ್ವವನ್ನು ಸಾರಿದರೆ, 'ಓದು ಒಕ್ಕಾಲು, ಬುದ್ಧಿ ಮುಕ್ಕಾಲು' ಎಂಬುದು ಅದರ ಮಿತಿಯನ್ನು ತೋರಿಸುತ್ತದೆ. 'ದೇಶ ಸುತ್ತು, ಕೋಶ ಓದು' ಎಂಬಲ್ಲಿ ಓದಿಗೂ ಅನುಭವಕ್ಕೂ ಸಮಾನ ಸ್ಥಾನವಿದೆ. 'ಓದಿ ಓದಿ ಮರುಳಾದ ಕೂಚಂಭಟ್ಟ' ಎಂಬ ಮಾತು ಬದುಕಿಗೆ ಒದಗದ ಪಾಂಡಿತ್ಯವನ್ನು ಗೇಲಿ ಮಾಡುತ್ತದೆ. ಬೇಸಾಯವನ್ನು ಎಲ್ಲ ವಿದ್ಯೆಗಳಿಗಿಂತ ಮೇಲೆ ನಿಲ್ಲಿಸುವ ಸರ್ವಜ್ಞನ ವಚನವೂ ಜನರ ಬಾಯಲ್ಲಿ ಗಾದೆಯಂತೆಯೇ ಬಳಕೆಯಲ್ಲಿದೆ. ಒಟ್ಟಾರೆ ಹೇಳುವುದಾದರೆ ಪರಂಪರೆಯ ಗಾದೆಗಳು ಓದನ್ನು ಗೌರವಿಸುತ್ತಲೇ ಅದರ ಬಗೆಗೆ ಒಂದು ಆರೋಗ್ಯಕರ ಸಂಶಯವನ್ನು ಉಳಿಸಿಕೊಂಡಿವೆ.

ಹಿಂದಿ ಮತ್ತು ಮರಾಠಿ ಭಾಷಿಕ ಪ್ರದೇಶಗಳಲ್ಲಿ ಬೇಸಾಯವನ್ನು ಉತ್ತಮವೆಂದೂ, ವ್ಯಾಪಾರವನ್ನು ಮಧ್ಯಮವೆಂದೂ, ಚಾಕರಿಯನ್ನು ಕನಿಷ್ಠವೆಂದೂ ಹೇಳುವ ಗಾದೆಯೊಂದು ಪ್ರಸಿದ್ಧವಾಗಿದೆ. ಇಂದು ಈ ಕ್ರಮವು ಸಂಪೂರ್ಣವಾಗಿ ತಲೆಕೆಳಗಾಗಿದೆ. ಚಾಕರಿ ಉತ್ತಮವಾಗಿದೆ, ಬೇಸಾಯ ಕೊನೆಗೆ ಸರಿದಿದೆ. ಚಾಕರಿಯೊಳಗೂ ಯಾವ ಪದವಿಯಿಂದ ಬಂದ ಚಾಕರಿ ಎಂಬ ಒಳಶ್ರೇಣಿಯೊಂದು ಏರ್ಪಟ್ಟಿದೆ.

ಇಲ್ಲಿ ಗಮನಾರ್ಹವಾದ ವ್ಯತ್ಯಾಸವೊಂದಿದೆ. ಹಳೆಯ ಗಾದೆಗಳಲ್ಲಿ ಪರಸ್ಪರ ವಿರುದ್ಧವಾದ ಮಾತುಗಳು ಅಕ್ಕಪಕ್ಕದಲ್ಲಿಯೇ ಇರುತ್ತಿದ್ದವು. ಓದಿನಲ್ಲಿ ಹಿಂದುಳಿದವನಿಗೆ ಸಮಾಧಾನ ಹೇಳುವ ಗಾದೆಯೂ ಹಿರಿಯರ ಬಳಿ ಸಿದ್ಧವಿರುತ್ತಿತ್ತು. ಪದವಿಗಳ ಶ್ರೇಣಿಯನ್ನು ಕುರಿತ ಇಂದಿನ ಲೋಕನುಡಿಯಲ್ಲಿ ಅಂತಹ ಎದುರುಮಾತು ಕ್ಷೀಣವಾಗಿದೆ. 'ಬೆಂಗಳೂರಿನಲ್ಲಿ ಕಲ್ಲೆಸೆದರೆ ಇಂಜಿನಿಯರನ ಮೇಲೆಯೇ ಬೀಳುತ್ತದೆ' ಎಂಬ ನಗೆಮಾತು ಎಲ್ಲೆಡೆ ಹಬ್ಬಿದೆ. ಆದರೆ ಅದನ್ನು ಹೇಳಿ ನಕ್ಕವರು ಮರುದಿನ ತಮ್ಮ ಮಗನನ್ನು ಅದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ನಗೆಯು ಇಲ್ಲಿ ಶ್ರೇಣಿಯನ್ನು ಅಲುಗಿಸುವುದಿಲ್ಲ.

3. ಕುಲವಿದ್ಯೆಯಿಂದ ಪದವಿಗೆ: ಚಾರಿತ್ರಿಕ ಹಿನ್ನೆಲೆ

ಪರಂಪರೆಯ ಸಮಾಜದಲ್ಲಿ ಏನನ್ನು ಕಲಿಯಬೇಕೆಂಬ ಪ್ರಶ್ನೆ ಬಹುಪಾಲು ಜನರಿಗೆ ಎದುರಾಗುತ್ತಲೇ ಇರಲಿಲ್ಲ. ಕುಂಬಾರನ ಮಗ ತಿಗರಿಯ ಬಳಿ, ಬಡಗಿಯ ಮಗ ಉಳಿಯ ಬಳಿ ಬೆಳೆಯುತ್ತಿದ್ದರು. ಕಲಿಕೆಯ ಹಕ್ಕೇ ಜಾತಿಯಿಂದ ನಿರ್ಧಾರವಾಗುತ್ತಿತ್ತು ಎಂಬುದಕ್ಕೆ ಏಕಲವ್ಯನ ಹೆಬ್ಬೆರಳು, ಸ್ಪರ್ಧೆಯ ಕಣದಲ್ಲಿ ಕರ್ಣನಿಗೆ ಎದುರಾದ ಕುಲದ ಪ್ರಶ್ನೆ ಜನಮನದಲ್ಲಿ ಉಳಿದಿರುವ ಸಾಕ್ಷ್ಯಗಳು. ಆಧುನಿಕ ವಿದ್ಯಾಭ್ಯಾಸವು ಈ ಬಾಗಿಲನ್ನು ತೆರೆಯಿತು. ಆದರೆ ಅದು ತೆರೆದುಕೊಂಡದ್ದು ಸರ್ಕಾರಿ ಉದ್ಯೋಗದ ಕಡೆಗೆ.

ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಸಿವಿಲ್ ಸರ್ವಿಸ್ ಪರೀಕ್ಷೆ ಆರಂಭವಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಬಿ.ಎ. ಎಂಬ ಎರಡಕ್ಷರ ಹೆಸರಿನ ಮುಂದೆ ಸೇರಿದರೆ ಊರಿನಲ್ಲಿ ಗೌರವವೇ ಬದಲಾಗುತ್ತಿದ್ದ ಕಾಲವದು. ಸರ್ಕಾರಿ ಹುದ್ದೆಗಳು ಒಂದೇ ಸಮುದಾಯದಲ್ಲಿ ಕೇಂದ್ರೀಕೃತವಾಗಿರುವುದನ್ನು ಪ್ರಶ್ನಿಸಿ ಹುಟ್ಟಿದ ಚಳವಳಿಯ ಫಲವಾಗಿ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಜಾತಿ ಸಂಘಗಳು ವಿದ್ಯಾರ್ಥಿನಿಲಯಗಳನ್ನು ಕಟ್ಟಿದವು. ಇದರಿಂದ ಪದವಿಯು ವ್ಯಕ್ತಿಯ ಸಾಧನೆಯಾಗಿರುವುದರ ಜೊತೆಗೆ ಸಮುದಾಯದ ಮಾನದಂಡವೂ ಆಯಿತು. 'ನಮ್ಮವರಲ್ಲಿ ಮೊದಲ ಬಿ.ಎ.', 'ನಮ್ಮೂರಿನ ಮೊದಲ ಡಾಕ್ಟರ್' ಎಂಬ ಮಾತುಗಳು ಇಂದಿಗೂ ಗ್ರಾಮಗಳಲ್ಲಿ ಐತಿಹ್ಯದಂತೆ ನೆನಪಿನಲ್ಲಿವೆ.

ಸ್ವಾತಂತ್ರ್ಯಾನಂತರ ಬಿ.ಎ. ಪದವಿಯ ಸ್ಥಾನವನ್ನು ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಪದವಿಗಳು ಆಕ್ರಮಿಸಿದವು. ಅಣೆಕಟ್ಟುಗಳು, ಬೆಂಗಳೂರಿನ ಸಾರ್ವಜನಿಕ ಉದ್ಯಮಗಳು ಇಂಜಿನಿಯರನನ್ನು ಹೊಸ ಕಾಲದ ನಾಯಕನನ್ನಾಗಿಸಿದವು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಜನಪದರ ಬಾಯಲ್ಲಿ ಐತಿಹ್ಯಗಳನ್ನೇ ಹುಟ್ಟಿಸಿತು. ಅವರು ಪುಣೆಯಲ್ಲಿ ಇಂಜಿನಿಯರಿಂಗ್ ಓದುವ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮಾಡಿದ್ದರೆಂಬ ಸಂಗತಿ ಮಾತ್ರ ಆ ಐತಿಹ್ಯಗಳಲ್ಲಿ ಅಷ್ಟಾಗಿ ಉಳಿದಿಲ್ಲ. ಲೋಕಸ್ಮೃತಿಯು ತನಗೆ ಬೇಕಾದುದನ್ನಷ್ಟೇ ಆಯ್ದುಕೊಳ್ಳುತ್ತದೆ.

1953ರಲ್ಲಿ ಮಣಿಪಾಲದಲ್ಲಿ ಖಾಸಗಿ ವೈದ್ಯಕೀಯ ಕಾಲೇಜು ಆರಂಭವಾದ ನಂತರದ ದಶಕಗಳಲ್ಲಿ ವೃತ್ತಿಶಿಕ್ಷಣದ ಖಾಸಗಿ ಸಂಸ್ಥೆಗಳು ರಾಜ್ಯದಲ್ಲೆಲ್ಲ ಹಬ್ಬಿದವು. ಸೀಟಿಗೆ ಹಣ ಎಂಬ ಪದ್ಧತಿ ಎಷ್ಟು ಬೆಳೆಯಿತೆಂದರೆ 1984ರಲ್ಲಿ ರಾಜ್ಯ ಸರ್ಕಾರ ಕ್ಯಾಪಿಟೇಷನ್ ಶುಲ್ಕವನ್ನು ನಿಷೇಧಿಸುವ ಕಾಯ್ದೆಯನ್ನೇ ತರಬೇಕಾಯಿತು. ಆ ವಿವಾದ 1992ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. 1994ರಿಂದ ಸಿ.ಇ.ಟಿ. ವ್ಯವಸ್ಥೆ ಬಂದಿತು. 'ಸೀಟು', 'ರ‍್ಯಾಂಕು', 'ಡೊನೇಷನ್' ಎಂಬ ಪದಗಳು ಅಂದಿನಿಂದ ಹಳ್ಳಿಗಾಡಿನ ಕನ್ನಡದಲ್ಲಿಯೂ ಬೇರುಬಿಟ್ಟವು. ಹೊಲ ಮಾರಿ ಸೀಟು ಕೊಡಿಸಿದ ತಂದೆಯ ಕಥೆ ಈ ಕಾಲದ ಹೊಸ ಕಥಾಮಾದರಿಯಾಯಿತು.

4. ಕಾದಂಬರಿಯ ಸಾಕ್ಷ್ಯ: 'ಮರಳಿ ಮಣ್ಣಿಗೆ'

ಈ ಪಲ್ಲಟವನ್ನು ಕನ್ನಡ ಸಾಹಿತ್ಯ ಬಹಳ ಹಿಂದೆಯೇ ಗುರುತಿಸಿತ್ತು. 1940ರ ದಶಕದ ಆರಂಭದಲ್ಲಿ ಪ್ರಕಟವಾದ ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯನ್ನು ಮೂರು ತಲೆಮಾರುಗಳ ಕಥೆಯೆಂದೂ, ಕಡಲತೀರದ ಬದುಕಿನ ಚಿತ್ರಣವೆಂದೂ ವಿಮರ್ಶಕರು ಓದಿದ್ದಾರೆ. ಅದನ್ನು ಓದಿನ ಆಯ್ಕೆಯ ಕಥೆಯಾಗಿಯೂ ಓದಲು ಸಾಧ್ಯವಿದೆ.

ರಾಮ ಐತಾಳರು ತಮ್ಮ ಮಗ ಲಚ್ಚನನ್ನು ಇಂಗ್ಲಿಷ್ ಓದಿಗೆ ಕಳುಹಿಸುವಾಗ ಹುಡುಗನ ಒಲವು ಏನೆಂಬ ಪ್ರಶ್ನೆಗೆ ಅಲ್ಲಿ ಸ್ಥಳವೇ ಇಲ್ಲ. ನೆರೆಯ ಶೀನಮಯ್ಯನ ಮನೆಯೊಡನೆ ನಡೆಯುವ ಮೇಲಾಟ, ಮನೆತನದ ಪ್ರತಿಷ್ಠೆ, ಪೌರೋಹಿತ್ಯದಾಚೆಗಿನ ಸ್ಥಾನಮಾನದ ಹಂಬಲ ಆ ತೀರ್ಮಾನವನ್ನು ರೂಪಿಸುತ್ತವೆ. ಊರು ಏನೆನ್ನುತ್ತದೆ ಎಂಬುದೇ ಐತಾಳರ ಕಿವಿಯಲ್ಲಿ ಸದಾ ಮೊರೆಯುವ ಧ್ವನಿ. ಲಚ್ಚ ಓದಿನ ನೆಪದಲ್ಲಿ ಮನೆಯಿಂದ ದೂರವಾಗುತ್ತಾನೆ, ದಾರಿ ತಪ್ಪುತ್ತಾನೆ, ಆಸ್ತಿಯನ್ನು ಕಳೆಯುತ್ತಾನೆ. ಅವನ ಮಗ ರಾಮ ಕಷ್ಟದಲ್ಲಿ ಬಿ.ಎ. ಮುಗಿಸಿದರೂ ಪದವಿಯು ಅವನಿಗೆ ಅನ್ನದ ದಾರಿಯನ್ನು ತೋರಿಸುವುದಿಲ್ಲ. ಮುಂಬಯಿಯ ಅಲೆದಾಟದ ನಂತರ ಅವನು ಅಜ್ಜನ ಮಣ್ಣಿಗೆ ಮರಳುತ್ತಾನೆ.

ಈ ಮರಳುವಿಕೆಯನ್ನು ಪದವಿಯ ತಿರಸ್ಕಾರವೆಂದು ಸರಳಗೊಳಿಸಬಾರದು. ರಾಮನ ಸಂವೇದನೆ, ಸಂಗೀತದ ಒಲವು, ದೇಶದ ಬಗೆಗಿನ ಅರಿವು ಅವನ ಓದು ಮತ್ತು ಅಲೆದಾಟಗಳಿಂದಲೇ ಹದಗೊಂಡಿವೆ. ಲಚ್ಚನಿಗೂ ರಾಮನಿಗೂ ಇರುವ ವ್ಯತ್ಯಾಸವು ಓದಿದ ಪ್ರಮಾಣದಲ್ಲಿಲ್ಲ. ಒಬ್ಬನು ಓದಿಸಲ್ಪಟ್ಟವನು, ಇನ್ನೊಬ್ಬನು ತಾಯಿ ನಾಗವೇಣಿಯ ದುಡಿಮೆಯನ್ನೂ ನೋವನ್ನೂ ಅರಿತು ತಾನಾಗಿ ಓದಿದವನು. ಪ್ರೇರಣಾರ್ಥಕ ಕ್ರಿಯಾಪದದಿಂದ ಸರಳ ಕ್ರಿಯಾಪದದ ಕಡೆಗಿನ ಈ ಚಲನೆಯೇ ಕಾದಂಬರಿಯ ಒಳನಡೆ ಎನ್ನಬಹುದು. ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜನ್ನು ತೊರೆದ ಕಾರಂತರಿಗೆ ಈ ವ್ಯತ್ಯಾಸದ ಅರಿವು ಚೆನ್ನಾಗಿಯೇ ಇದ್ದಿರಬೇಕು.

5. ಇಂದಿನ ಲೋಕನುಡಿ ಮತ್ತು ಅದರ ಕಾರ್ಯ

ಜಾನಪದವು ಮನರಂಜನೆ, ಸಂಸ್ಕೃತಿಯ ಸಮರ್ಥನೆ, ಶಿಕ್ಷಣ ಮತ್ತು ಸಾಮಾಜಿಕ ಅನುರೂಪತೆಯ ಪಾಲನೆ ಎಂಬ ನಾಲ್ಕು ಕಾರ್ಯಗಳನ್ನು ನಿರ್ವಹಿಸುತ್ತದೆಂದು ವಿಲಿಯಂ ಬ್ಯಾಸ್ಕಂ 1954ರಲ್ಲಿ ಪ್ರತಿಪಾದಿಸಿದರು. ಇವುಗಳಲ್ಲಿ ಕೊನೆಯದು ಪ್ರಸ್ತುತ ವಿಷಯಕ್ಕೆ ಅತ್ಯಂತ ಸಮೀಪದ್ದು. ನಿಗದಿಯಾದ ದಾರಿಯಿಂದ ಯಾರೂ ಸರಿಯದಂತೆ ಕಾಯುವುದೇ ಪದವಿಗಳನ್ನು ಕುರಿತ ಲೋಕನುಡಿಯ ಮುಖ್ಯ ಕೆಲಸ. ಈ ನುಡಿಯನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ನಂಬಿಕೆಯ ರೂಪದ ಮಾತು. 'ಸೈನ್ಸ್ ತಗೊಂಡ್ರೆ ಆಮೇಲೆ ಏನು ಬೇಕಾದ್ರೂ ಮಾಡಬಹುದು' ಎಂಬುದು ಇದರ ಅತ್ಯುತ್ತಮ ನಿದರ್ಶನ. ಈ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ವಿಜ್ಞಾನದಿಂದ ಕಲೆ, ವಾಣಿಜ್ಯಗಳಿಗೆ ಬರುವ ದಾರಿ ತೆರೆದಿದೆ, ಅಲ್ಲಿಂದ ವೈದ್ಯಕೀಯಕ್ಕೆ, ಇಂಜಿನಿಯರಿಂಗಿಗೆ ಹೋಗುವ ದಾರಿ ಮುಚ್ಚಿದೆ. ಆದರೆ ಈ ಮಾತು ಆಯ್ಕೆಯನ್ನು ಮಾಡುವುದಕ್ಕಿಂತ ಮುಂದೂಡುವುದನ್ನೇ ವಿವೇಕವೆಂದು ಕಲಿಸುತ್ತದೆ. ಇತಿಹಾಸವನ್ನೋ ಸಾಹಿತ್ಯವನ್ನೋ ಇಷ್ಟಪಡುವ ವಿದ್ಯಾರ್ಥಿಗೆ ಅದು ಕೇಳಿಸುವುದು ಹೀಗೆ: ನಿನಗೆ ಬೇಕಾದುದು ಎಲ್ಲವೂ ಮುಗಿದ ಮೇಲೆ ಉಳಿಯುವಂತಹುದು.

ಎರಡನೆಯದು ಎಚ್ಚರಿಕೆಯ ಕಥೆ. ತೊಂಬತ್ತು ಅಂಕ ಪಡೆದೂ ಕಲಾ ವಿಭಾಗಕ್ಕೆ ಸೇರಿ ಇನ್ನೂ ಕೆಲಸ ಸಿಗದ ಯಾರದೋ ಮಗನ ಕಥೆಯನ್ನು ಪ್ರತಿ ಊರೂ ಹೇಳುತ್ತದೆ. ಆ ಮಗನ ಹೆಸರು ಬದಲಾಗುತ್ತದೆ, ಕಥೆಯ ಹಂದರ ಬದಲಾಗುವುದಿಲ್ಲ. ಇಂಜಿನಿಯರಿಂಗ್ ಮುಗಿಸಿ ಕೆಲಸ ಸಿಗದವರ ಸಂಗತಿ ಎಲ್ಲರಿಗೂ ತಿಳಿದಿದ್ದರೂ ಅದು ಇದೇ ಬಗೆಯ ಕಥೆಯಾಗಿ ಹರಡುವುದಿಲ್ಲ. ಅದನ್ನು ಆ ಹುಡುಗನ ಅದೃಷ್ಟದ ದೋಷವೆಂದೋ ಸೋಮಾರಿತನವೆಂದೋ ವಿವರಿಸಲಾಗುತ್ತದೆ. ಕಲಾ ಪದವೀಧರನ ಸೋಲು ಪದವಿಯ ಸೋಲು. ತಾಂತ್ರಿಕ ಪದವೀಧರನ ಸೋಲು ವ್ಯಕ್ತಿಯ ಸೋಲು. ನಂಬಿಕೆಯನ್ನು ಸುಳ್ಳಾಗಿಸುವ ಸಾಕ್ಷ್ಯ ಎದುರಿದ್ದರೂ ಅದನ್ನು ಪಕ್ಕಕ್ಕೆ ಸರಿಸಿ ನಂಬಿಕೆ ಬಾಳುವ ಈ ಕ್ರಮ ಶಕುನಗಳ ಅಧ್ಯಯನದಲ್ಲಿ ಚಿರಪರಿಚಿತವಾದುದು.

ಮೂರನೆಯದು ವಿವಾಹದ ಮಾತುಕತೆಯಲ್ಲಿ ಬಳಕೆಯಾಗುವ ಮಾತು. ಇದು ಉಳಿದೆರಡಕ್ಕಿಂತ ಬಲವಾದುದು. ವರನ ಪದವಿಯು ಅವನ ಹೆಸರಿಗೂ ಮೊದಲು ಉಚ್ಚಾರವಾಗುತ್ತದೆ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ ಮಲೆಮಹದೇಶ್ವರ ಬೆಟ್ಟಕ್ಕೆ ಅವಿವಾಹಿತ ಯುವಕರು ನಡೆಸಿದ 'ಬ್ರಹ್ಮಚಾರಿಗಳ ಪಾದಯಾತ್ರೆ'ಯನ್ನು ಇಲ್ಲಿ ಸ್ಮರಿಸಬೇಕು. ಅವರಲ್ಲಿ ಬಹುಮಂದಿ ರೈತರು. ಬೇಸಾಯದಲ್ಲಿರುವವರಿಗೆ ಹೆಣ್ಣು ಕೊಡುವವರಿಲ್ಲವೆಂಬ ಕೊರಗನ್ನು ಅವರು ಮಾದಪ್ಪನ ಮುಂದೆ ಇಡಲು ಹೊರಟಿದ್ದರು. ಪತ್ರಿಕೆಗಳು ಇದನ್ನು ಕುತೂಹಲದ ಸುದ್ದಿಯಾಗಿ ಪ್ರಕಟಿಸಿದವು. ಜಾನಪದ ದೃಷ್ಟಿಯಿಂದ ಇದು ಗಂಭೀರವಾದ ಘಟನೆ. ದುಡಿಯುವ ಜನರ ದೈವವಾಗಿ ಮಹಾಕಾವ್ಯದ ನಾಯಕನಾಗಿರುವ ಮಾದಪ್ಪನ ಬಳಿಗೆ, ದುಡಿಮೆಯೇ ಅನರ್ಹತೆಯಾಗಿ ಪರಿಣಮಿಸಿದ ಯುವಕರು ಹರಕೆ ಹೊತ್ತು ನಡೆದರು. ಈ ದೃಶ್ಯವನ್ನು ಕಂಡ ತಂದೆತಾಯಿ ಮಗನಿಗೆ ಕೃಷಿ ಬಿಟ್ಟು ಬೇರೆ ಏನನ್ನಾದರೂ 'ಮಾಡಿಸಲು' ಹೊರಟರೆ ಅದನ್ನು ಕೇವಲ ಪ್ರತಿಷ್ಠೆಯ ಹಂಬಲವೆಂದು ತಳ್ಳಿಹಾಕಲಾಗದು.

ಹೆಣ್ಣುಮಕ್ಕಳ ವಿಷಯದಲ್ಲಿ ಇದೇ ಮಾತು ತಿರುವುಮುರುವಾಗಿ ಕೆಲಸ ಮಾಡುತ್ತದೆ. ಗಂಡಿಗೆ ಪದವಿ ಎಷ್ಟು ದೊಡ್ಡದಾದರೂ ಆದೀತು. ಹೆಣ್ಣಿಗೆ ಅದು ವರನ ಪದವಿಯನ್ನು ಮೀರಬಾರದು. 'ಟೀಚರ್ ಕೆಲಸ ಹೆಣ್ಣುಮಕ್ಕಳಿಗೆ ಒಪ್ಪುತ್ತೆ', 'ಊರಲ್ಲೇ ಕಾಲೇಜಿದೆ, ದೂರ ಯಾಕೆ' ಎಂಬ ಮಾತುಗಳಲ್ಲಿ ಕಾಳಜಿಯ ಲೇಪವಿದೆ. ಹೆಣ್ಣುಮಗಳ ಪದವಿಯನ್ನು ಹಲವು ಸಲ ನಿರ್ಧರಿಸುವುದು ವಿಷಯದ ಒಲವಲ್ಲ, ಕೊನೆಯ ಬಸ್ಸಿನ ವೇಳೆ.

6. ಆಯ್ಕೆಯಾಗಿ ತೋರುವ ಅನಿವಾರ್ಯತೆ

ಲೋಕನುಡಿಗೂ ವಸ್ತುಸ್ಥಿತಿಗೂ ನಡುವೆ ಇರುವ ಅಂತರವನ್ನು ಅಂಕಿಅಂಶಗಳು ಎತ್ತಿ ತೋರಿಸುತ್ತವೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಸ್ನಾತಕ ಹಂತದ ವಿದ್ಯಾರ್ಥಿಗಳಲ್ಲಿ ಶೇ. 34.2ರಷ್ಟು ಮಂದಿ ಕಲಾ ವಿಭಾಗದಲ್ಲಿದ್ದರು. ವಿಜ್ಞಾನದಲ್ಲಿ ಶೇ. 14.8, ವಾಣಿಜ್ಯದಲ್ಲಿ ಶೇ. 13.3, ಇಂಜಿನಿಯರಿಂಗ್ ಮತ್ತು ತಂತ್ರಜ್ಞಾನದಲ್ಲಿ ಶೇ. 11.8ರಷ್ಟು ಮಂದಿ ಇದ್ದರು. ಅಂದರೆ ದೇಶದಲ್ಲಿ ಅತಿ ಹೆಚ್ಚು ಜನ ಓದುವ ಪದವಿಯು ಯಾರೂ ಬಯಸದ ಪದವಿಯೆಂದು ಬಿಂಬಿತವಾಗಿದೆ. ಸಾರ್ವಜನಿಕ ಚರ್ಚೆಯನ್ನು ಆವರಿಸಿರುವ ಸೀಟು, ರ‍್ಯಾಂಕುಗಳ ಆತಂಕವು ವಾಸ್ತವವಾಗಿ ಸಣ್ಣ ಭಾಗವೊಂದರ ಆತಂಕ. ಉಳಿದವರು ಆ ಕಥೆಯಲ್ಲಿ ಪಾತ್ರಗಳೇ ಅಲ್ಲ.

ಈ ದೊಡ್ಡ ಸಮೂಹವು ಕಲಾ ವಿಭಾಗವನ್ನು ಆರಿಸಿಕೊಂಡಿತೇ ಎಂಬುದೂ ಪ್ರಶ್ನಾರ್ಹ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಗ್ರಾಮೀಣ ವಿದ್ಯಾರ್ಥಿಗೆ ವಿಜ್ಞಾನ ವಿಭಾಗದಲ್ಲಿ ವಿಷಯಕ್ಕಿಂತ ಮೊದಲು ಇಂಗ್ಲಿಷ್ ಎದುರಾಗುತ್ತದೆ. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನ ವಿಭಾಗವೇ ಇಲ್ಲದಿರಬಹುದು. ಇದ್ದರೂ ಪ್ರಯೋಗಾಲಯವಾಗಲಿ, ಕೋಚಿಂಗಿನ ಶುಲ್ಕ ತೆರುವ ಶಕ್ತಿಯಾಗಲಿ ಇಲ್ಲದಿರಬಹುದು. ವೃತ್ತಿಶಿಕ್ಷಣದ ಪ್ರವೇಶದಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ. 15 ಹಾಗೂ ಕನ್ನಡ ಮಾಧ್ಯಮದವರಿಗೆ ಶೇ. 5ರಷ್ಟು ಮೀಸಲಾತಿಯನ್ನು ರಾಜ್ಯ ಕಲ್ಪಿಸಿರುವುದು ಈ ಅಸಮಾನತೆಯ ಅರಿವಿನಿಂದಲೇ. ಆದರೆ ಬಾಗಿಲವರೆಗೆ ಬಂದವರಿಗಷ್ಟೇ ಅದು ನೆರವಾಗಬಲ್ಲದು. ಕನ್ನಡದಲ್ಲಿ ಕಲಿಯುವ ಅವಕಾಶ ಉಳಿದಿರುವುದು ಹೆಚ್ಚಾಗಿ ಕಲಾ ವಿಭಾಗದಲ್ಲಿಯೇ ಆದುದರಿಂದ ಆ ವಿಭಾಗದ ಅವಮಾನವು ಕನ್ನಡದ ಅವಮಾನವಾಗಿಯೂ ಪರಿಣಮಿಸಿದೆ.

7. ಒತ್ತಡದ ನ್ಯಾಯಾನ್ಯಾಯ

ಸಾಮಾಜಿಕ ಒತ್ತಡವನ್ನು ಟೀಕಿಸುವವರು ಸಾಮಾನ್ಯವಾಗಿ 'ಮಕ್ಕಳ ಇಷ್ಟಕ್ಕೆ ಬಿಡಿ' ಎಂಬ ಪರಿಹಾರವನ್ನು ಸೂಚಿಸುತ್ತಾರೆ. 2009ರಲ್ಲಿ ತೆರೆಕಂಡ 'ತ್ರೀ ಈಡಿಯಟ್ಸ್' ಹಿಂದಿ ಚಲನಚಿತ್ರ ಈ ವಿಚಾರವನ್ನು ಜನಪ್ರಿಯಗೊಳಿಸಿತು. ಅಲ್ಲಿ ಮಗನೊಬ್ಬ ತಂದೆಯ ಮನವೊಲಿಸಿ ಇಂಜಿನಿಯರಿಂಗ್ ತೊರೆದು ಛಾಯಾಗ್ರಾಹಕನಾಗುತ್ತಾನೆ. ಇಂತಹ ಕಥನದಲ್ಲಿ ತಂದೆಯ ಹೃದಯ ಕರಗಿದರೆ ಸಮಸ್ಯೆ ಮುಗಿಯುತ್ತದೆ. ಆದರೆ ಮೊದಲ ತಲೆಮಾರಿನ ಪದವೀಧರನಿಗೆ ಪದವಿಯು ಜೀತ, ಸಾಲ, ಜಾತಿಯ ಅವಮಾನಗಳಿಂದ ಹೊರಬರುವ ಏಕೈಕ ಬಾಗಿಲಾಗಿರುತ್ತದೆ. ಅಂತಹ ಮನೆಯವರು ನೌಕರಿಯ ಭರವಸೆಯಿರುವ ಪದವಿಗೆ ಒತ್ತಾಯಿಸಿದರೆ ಅದು ಅಜ್ಞಾನವಲ್ಲ. ಒಮ್ಮೆ ಎಡವಿದರೆ ಮತ್ತೆ ಏಳಲು ಆಸರೆಯಿಲ್ಲದವರ ಲೆಕ್ಕಾಚಾರವದು. ಕನ್ನಡದಲ್ಲಿ 'ಹೊಟ್ಟೆಬಟ್ಟೆ ಕಟ್ಟಿ ಓದಿಸಿದರು' ಎಂಬ ನುಡಿಗಟ್ಟಿದೆ. ಅಲ್ಲಿರುವುದೂ ಅದೇ ಪ್ರೇರಣಾರ್ಥಕ ಕ್ರಿಯಾಪದ. ಒತ್ತಾಯ ಮತ್ತು ತ್ಯಾಗ ಎರಡನ್ನೂ ಈ ಒಂದೇ ರೂಪ ಧರಿಸಿದೆ; ಒಂದನ್ನು ಖಂಡಿಸುವಾಗ ಇನ್ನೊಂದನ್ನು ಮರೆಯಬಾರದು.

ಹಾಗೆಂದು ಒತ್ತಡದ ಬೆಲೆಯನ್ನು ಮರೆಮಾಚಲೂ ಸಾಧ್ಯವಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಗೆ ಶರಣಾದರು. ಇವೆಲ್ಲಕ್ಕೂ ಓದಿನ ಒತ್ತಡವೇ ಕಾರಣವೆನ್ನಲಾಗದು. ಆದರೂ ಒಂದು ಪರೀಕ್ಷೆಯ ಫಲಿತಾಂಶವನ್ನು ಇಡೀ ಮನೆತನದ ಮಾನದೊಡನೆ ಗಂಟುಹಾಕುವ ಮಾತಿಗೆ ಇದರಲ್ಲಿ ಪಾಲಿಲ್ಲವೆಂದು ಹೇಳುವ ಧೈರ್ಯವನ್ನು ಯಾವ ಸಮಾಜವೂ ತೋರಲಾರದು.

ಹಿರಿಯರ ಹಸ್ತಕ್ಷೇಪವೆಲ್ಲವೂ ಒತ್ತಡವಲ್ಲ ಎಂಬುದಕ್ಕೆ ಕನ್ನಡದ ಜಾನಪದ ಅಧ್ಯಯನದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಕಾಲೇಜಿನ ಮೊದಲ ವರ್ಷ ವಿಜ್ಞಾನ ಓದುತ್ತಿದ್ದರು. ಅವರನ್ನು ಇಂಗ್ಲಿಷ್ ಸಾಹಿತ್ಯದ ಕಡೆಗೆ ತಿರುಗಿಸಿದವರು ಗಣಿತದ ಪ್ರಾಧ್ಯಾಪಕರಾಗಿದ್ದ ಅವರ ತಂದೆ. ಮಗನ ಮನಸ್ಸು ಗಣಿತದ್ದಲ್ಲವೆಂದು ಗಣಿತಜ್ಞನೇ ಗುರುತಿಸಿದನು. ಭಾರತದ ಜನಪದ ಕಥೆಗಳಿಗೆ ಜಗತ್ತಿನ ಓದುಗರನ್ನು ದೊರಕಿಸಿಕೊಟ್ಟ ವಿದ್ವಾಂಸರೊಬ್ಬರು ಹೀಗೆ ದೊರೆತರು. ಇದಕ್ಕೆ ವಿಶ್ವವಿದ್ಯಾಲಯವನ್ನು ಒಳಗಿನಿಂದ ಬಲ್ಲ ತಂದೆ ಬೇಕಾಗಿತ್ತು ಎಂಬುದೂ ನಿಜವೇ. ಪಿಯರ್ ಬೊರ್ದ್ಯೂ ಹೇಳುವ ಸಾಂಸ್ಕೃತಿಕ ಬಂಡವಾಳವು ಕೆಲಸ ಮಾಡುವುದು ಹೀಗೆಯೇ. ಕಡುಬಡತನದ ದಲಿತ ಕುಟುಂಬದಿಂದ ಬಂದ ಸಿದ್ಧಲಿಂಗಯ್ಯನವರು ಕನ್ನಡ ಎಂ.ಎ. ಮಾಡಿ, ಗ್ರಾಮದೇವತೆಗಳನ್ನು ಕುರಿತು ಸಂಶೋಧನೆ ನಡೆಸಿ ಡಾಕ್ಟರೇಟ್ ಪಡೆದರು. ಅಂತಹ ಬಂಡವಾಳವಿಲ್ಲದೆ ಅವರು ನಡೆದ ದಾರಿಯನ್ನು ವಿದ್ಯಾರ್ಥಿನಿಲಯ, ಚಳವಳಿ ಮತ್ತು ಗೆಳೆಯರ ಬಳಗ ಆಗುಮಾಡಿದವು. ಸ್ವತಂತ್ರ ಆಯ್ಕೆಗೂ ಆಸರೆ ಬೇಕು.

8. ಜಾನಪದ ಪದವಿಯ ವಿಪರ್ಯಾಸ

ಈ ಶ್ರೇಣಿಯ ತುದಿಯಲ್ಲಿ ನಿಂತಿರುವ ವಿಷಯಗಳಲ್ಲಿ ಜಾನಪದವೂ ಒಂದು. 1968ರಲ್ಲಿ ಮೈಸೂರಿನಲ್ಲಿ ಜಾನಪದ ವಸ್ತುಸಂಗ್ರಹಾಲಯ ರೂಪುಗೊಂಡಿತು. 1970ರ ದಶಕದಿಂದ ಜಾನಪದವು ಸ್ನಾತಕೋತ್ತರ ವಿಷಯವಾಗಿ ಬೆಳೆಯಿತು. 1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ, 2011ರಲ್ಲಿ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಮೀಸಲಾದ ವಿಶ್ವವಿದ್ಯಾಲಯ ಸ್ಥಾಪನೆಯಾದವು. ಸಂಸ್ಥೆಗಳ ದೃಷ್ಟಿಯಿಂದ ಇದು ಹೆಮ್ಮೆಪಡುವಂತಹ ಚರಿತ್ರೆ. ಆದರೂ 'ಜಾನಪದ ಓದಿ ಏನು ಮಾಡ್ತೀಯ?' ಎಂಬ ಪ್ರಶ್ನೆ ಈ ವಿಷಯದ ವಿದ್ಯಾರ್ಥಿಯ ಬೆನ್ನು ಬಿಟ್ಟಿಲ್ಲ.

ಈ ಪ್ರಶ್ನೆಯು ಅತ್ಯಂತ ತೀಕ್ಷ್ಣವಾಗಿ ತಾಗುವುದು ಕಲಾವಿದ ಸಮುದಾಯಗಳಿಂದ ಬಂದ ಮಕ್ಕಳಿಗೆ. ತಮಟೆ ಬಾರಿಸುವವರ, ಚೌಡಿಕೆಯ ಪದ ಹಾಡುವವರ, ಕಂಸಾಳೆ ಹಿಡಿದವರ ಮನೆಯ ಮಗನಿಗೆ ಈ ವಿದ್ಯೆ ಹುಟ್ಟಿನಿಂದ ಬಂದುದು. ಬೇರೆಯವರು ವರ್ಷಗಟ್ಟಲೆ ಕ್ಷೇತ್ರಕಾರ್ಯ ನಡೆಸಿ ಗ್ರಹಿಸಬೇಕಾದುದನ್ನು ಆತ ಬಾಲ್ಯದಲ್ಲಿಯೇ ಕೇಳಿರುತ್ತಾನೆ. ಆದರೆ ತಂದೆ ಬಾರಿಸಿದ ತಮಟೆಯೊಡನೆ ಕೇರಿಯ ಅವಮಾನವೂ ಬೆಸೆದುಕೊಂಡಿರುವುದರಿಂದ ಆತ ಅದರಿಂದ ದೂರ ಓಡುವುದು ಸಹಜ. 'ನಮ್ಮ ಕೆಲಸ ನಿನಗೆ ಬೇಡ' ಎಂದು ತಂದೆಯೇ ಹೇಳುತ್ತಾನೆ. ಪರಿಣಾಮವಾಗಿ ಪರಂಪರೆಯ ವಾರಸುದಾರರು ಅದರ ಅಧ್ಯಯನದಿಂದ ಹೊರಗುಳಿಯುತ್ತಾರೆ. ಅಧ್ಯಯನವು ಇತರರ ಕೈಗೆ ಹೋಗುತ್ತದೆ. ಜಾನಪದ ವಿದ್ವತ್ತಿನಲ್ಲಿ ಹಾಡಿದವರು ಮಾಹಿತಿದಾರರಾಗಿ, ಬರೆದವರು ಸಂಶೋಧಕರಾಗಿ ಉಳಿಯುವ ಅಂತರಕ್ಕೆ ಪದವಿಯ ಆಯ್ಕೆಯ ಈ ರಾಜಕಾರಣವೂ ಒಂದು ಕಾರಣ. ಸಂಗ್ರಹಕ್ಕೆ ಸಿಕ್ಕದೆ ಅಳಿಯುತ್ತಿರುವ ಪದಗಳ ಬಗ್ಗೆ ವಿಚಾರಸಂಕಿರಣಗಳಲ್ಲಿ ವ್ಯಕ್ತವಾಗುವ ಆತಂಕವು, ಆ ಪದಗಳ ಮನೆಯಿಂದ ಬಂದ ವಿದ್ಯಾರ್ಥಿ ಈ ವಿಭಾಗದ ಬಾಗಿಲಲ್ಲಿ ಏಕೆ ಹಿಂಜರಿಯುತ್ತಾನೆ ಎಂಬ ಕಡೆಗೆ ಹೊರಳುವುದು ವಿರಳ.

ಇನ್ನೊಂದೆಡೆ ಪ್ರಭುತ್ವ ಮತ್ತು ಸಮಾಜಗಳು ಇದೇ ಜ್ಞಾನವನ್ನು ಸನ್ಮಾನಿಸುತ್ತಲೂ ಇವೆ. ಅಂಕೋಲಾದ ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು. ಅದೇ ಸಮುದಾಯದ ತುಳಸಿ ಗೌಡ ಅವರಿಗೂ, ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಅವರಿಗೂ ಮುಂದಿನ ವರ್ಷಗಳಲ್ಲಿ ಅದೇ ಗೌರವ ದೊರೆಯಿತು. ಗಿಡಮರಗಳನ್ನು ಕುರಿತ ತುಳಸಿ ಗೌಡರ ತಿಳಿವಿಗೆ ಯಾವ ಪದವಿಯ ಮುದ್ರೆಯೂ ಇರಲಿಲ್ಲ. ಈ ಗೌರವಗಳು ಯೋಗ್ಯವಾದವು. ಆದರೆ ವೃದ್ಧಾಪ್ಯದಲ್ಲಿ ಯಾವುದನ್ನು ಪೂಜಿಸಲಾಗುತ್ತದೆಯೋ ಅದನ್ನೇ ಹದಿನೆಂಟರ ವಯಸ್ಸಿನಲ್ಲಿ ಓದಲು ಬಯಸಿದವರನ್ನು ದಡ್ಡರೆಂದು ಕಾಣುವ ಸಮಾಜವು ತನ್ನ ಗೌರವದ ಪ್ರಾಮಾಣಿಕತೆಯನ್ನು ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಶಾಲು ಹೊದಿಸುವುದು ಸುಲಭ. ಮಗಳನ್ನು ಆ ವಿಷಯಕ್ಕೆ ಕಳುಹಿಸುವುದು ಕಷ್ಟ.

9. ಉಪಸಂಹಾರ

ಅಣ್ಣತಮ್ಮಂದಿರು ಬೇರೆ ಬೇರೆ ದಿಕ್ಕುಗಳಿಗೆ ಹೋಗಿ ಒಬ್ಬೊಬ್ಬರು ಒಂದೊಂದು ವಿದ್ಯೆಯನ್ನು ಕಲಿತು ಬರುವ ಕಥೆ ಭಾರತದ ಹಲವು ಭಾಷೆಗಳಲ್ಲಿಯೂ ಹೊರಗೂ ಪ್ರಚಲಿತವಾಗಿದೆ. ಅಪಹೃತಳಾದ ರಾಜಕುಮಾರಿಯನ್ನು ಉಳಿಸುವ ಹೊತ್ತು ಬಂದಾಗ ಒಬ್ಬನ ವಿದ್ಯೆ ಅವಳಿರುವ ಸ್ಥಳವನ್ನು ಕಾಣುತ್ತದೆ, ಇನ್ನೊಬ್ಬನದು ಅಲ್ಲಿಗೆ ಒಯ್ಯುತ್ತದೆ, ಮತ್ತೊಬ್ಬನದು ರಾಕ್ಷಸನನ್ನು ಎದುರಿಸುತ್ತದೆ. ಕೆಲಸ ಮುಗಿದ ಮೇಲೆ ಯಾರ ವಿದ್ಯೆ ದೊಡ್ಡದು ಎಂಬ ಜಗಳ ಆರಂಭವಾಗುತ್ತದೆ. ಕೆಲವು ಪಾಠಗಳಲ್ಲಿ ಇದಕ್ಕೆ ತೀರ್ಪು ಸಿಗುತ್ತದೆ, ಕೆಲವುಗಳಲ್ಲಿ ಜಗಳ ಹಾಗೆಯೇ ಉಳಿಯುತ್ತದೆ. ಆದರೆ ಯಾವುದೇ ಒಂದು ವಿದ್ಯೆಯನ್ನು ಕಥೆಯಿಂದ ತೆಗೆದರೂ ರಾಜಕುಮಾರಿ ಮನೆಗೆ ಬರಲಾರಳು ಎಂಬುದನ್ನು ಎಲ್ಲ ಪಾಠಗಳೂ ಒಪ್ಪುತ್ತವೆ.

ಪರಂಪರೆಯ ಕಥನಕ್ಕೆ ತಿಳಿದಿದ್ದ ಈ ವಿವೇಕವು ಪದವಿಗಳನ್ನು ಕುರಿತ ಇಂದಿನ ಲೋಕನುಡಿಯಲ್ಲಿ ಲೋಪವಾಗಿದೆ. ಸರ್ಕಾರದ ಆದೇಶದಿಂದಾಗಲಿ, ಮಕ್ಕಳ ಇಷ್ಟಕ್ಕೆ ಬಿಡಿರೆಂಬ ಉಪದೇಶದಿಂದಾಗಲಿ ಇದು ಸರಿಹೋಗುವಂತಹುದಲ್ಲ. ಕನ್ನಡದಲ್ಲಿ ಓದಿದವರಿಗೂ ಎಲ್ಲ ವಿಭಾಗಗಳ ಬಾಗಿಲು ತೆರೆಯಬೇಕು. ಕಲಾ ವಿಷಯಗಳನ್ನು ಓದಿದವರ ದುಡಿಮೆಗೆ ಘನತೆಯ ಸಂಬಳ ದೊರೆಯಬೇಕು. ಜೊತೆಗೆ ಎಚ್ಚರಿಕೆಯ ಕಥೆಗಳ ಎದುರಿಗೆ ಭರವಸೆಯ ಕಥೆಗಳೂ ಊರಿನ ಬಾಯಲ್ಲಿ ಹುಟ್ಟಬೇಕು. ಮೌಖಿಕ ಪರಂಪರೆ ಬದಲಾಗುವುದು ಹೇಳುವವರು ಬದಲಾಗಿ ಹೇಳತೊಡಗಿದಾಗ. 'ಮಗನಿಗೆ ಏನು ಮಾಡಿಸ್ತೀರಿ?' ಎಂಬ ಪ್ರಶ್ನೆಯ ಜಾಗದಲ್ಲಿ, ಪಕ್ಕದಲ್ಲಿಯೇ ನಿಂತಿರುವ ಹುಡುಗನತ್ತ ಅಥವಾ ಹುಡುಗಿಯತ್ತ ತಿರುಗಿ 'ನೀನು ಏನು ಓದಬೇಕು ಅಂತಿದೀಯಪ್ಪಾ?', 'ನೀನೇನು ಓದ್ತೀಯಮ್ಮಾ?' ಎಂದು ಕೇಳುವ ರೂಢಿ ಬಂದರೆ ಕನ್ನಡದ ಆ ಕ್ರಿಯಾಪದಕ್ಕೆ ಅದರ ಕರ್ತೃ ಮರಳಿ ದೊರೆತಂತಾಗುತ್ತದೆ.